ಹಾಂಗ್‌ಕಾಂಗ್ ಬೆಂಚಿನಲ್ಲಿ ನಮ್ಮ ಕೋಚ್

2025ರ ಜೂನ್ 10, ಹಾಂಗ್‌ಕಾಂಗ್‌ನ ಕೈ ಟಾಕ್ ಸ್ಟೇಡಿಯಂ. ಏಷ್ಯನ್ ಕಪ್ ಫುಟ್‌ಬಾಲ್‌ನ ಅರ್ಹತಾ ಪಂದ್ಯ. ತೊಂಬತ್ತು ನಿಮಿಷ ಮುಗಿದಿತ್ತು, ಇನ್ನೇನು ಡ್ರಾ ಆಯ್ತು ಅಂದುಕೊಳ್ಳುವ ಹೊತ್ತಿಗೆ ಹಾಂಗ್‌ಕಾಂಗ್‌ಗೆ ಪೆನಾಲ್ಟಿ ಸಿಕ್ಕಿತು. ಸ್ಟೆಫಾನ್ ಪೆರೇರಾ ಹೊಡೆದರು, ಗೋಲು. ಭಾರತ 0-1ರಿಂದ ಸೋತಿತು. ಎಲ್ಲರೂ ನಮ್ಮ ಗೋಲ್‌ಕೀಪರ್‌ನನ್ನು ಬೈಯುತ್ತಿದ್ದಾಗ ನನ್ನ ಕಣ್ಣು ಮಾತ್ರ ಎದುರು ಬೆಂಚಿನ ಕಡೆ ಹೋಯಿತು. ಅಲ್ಲಿ ನಿಂತಿದ್ದವರು ಆಶ್ಲಿ ವೆಸ್ಟ್‌ವುಡ್, ನಮ್ಮೂರಿನ ಬೆಂಗಳೂರು ಎಫ್‌ಸಿ ಕ್ಲಬ್‌ನ ಮೊದಲ ಕೋಚ್.

ನಮ್ಮದೊಂದು ವಾಟ್ಸ್ಯಾಪ್ ಗ್ರೂಪ್ ಇದೆ. ಮೂವತ್ತು ಚಿಲ್ಲರೆ ಜನ, ಎಲ್ಲರೂ ಬೆಂಗಳೂರು ಎಫ್‌ಸಿ ಮ್ಯಾಚ್‌ಗಳಲ್ಲಿ ಪರಿಚಯ ಆದವರು. ಅವತ್ತು ರಾತ್ರಿ ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬ ಬರೆದ: "ಸೋತಿದ್ದು ಬೇಜಾರು. ಆದ್ರೆ ಗೆದ್ದಿದ್ದು ಆ ಮನುಷ್ಯ ಅಲ್ವಾ..." ಅಷ್ಟಕ್ಕೇ ನಿಲ್ಲಿಸಿದ. ಅವನಿಗೆ ಯಾರೂ ಬೈಯಲಿಲ್ಲ. ಹದಿನೈದು ಜನ ಹೆಬ್ಬೆರಳು ಒತ್ತಿದರು.

ಇದು ಮೊದಲನೇ ಸಲವೂ ಅಲ್ಲ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಇದೇ ವೆಸ್ಟ್‌ವುಡ್ ಆಫ್ಘಾನಿಸ್ತಾನದ ಕೋಚ್ ಆಗಿ ಬಂದು ಭಾರತವನ್ನು 2-1ರಿಂದ ಸೋಲಿಸಿದ್ದರು. ಅದು ಸುನಿಲ್ ಛೇತ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಛೇತ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು, ಭಾರತ ಮುಂದಿತ್ತು, ಕೊನೆಗೆ ಎರಡು ಗೋಲು ಬಿಟ್ಟುಕೊಟ್ಟು ಕೈಚೆಲ್ಲಿತು. ಉಳಿದ ದೇಶಕ್ಕೆ ಅದು ಬರೀ ಅವಮಾನ. ಬೆಂಗಳೂರಿನವರಿಗೆ ಅದರ ಜೊತೆ ಇನ್ನೊಂದು ಸಂಕಟ. ನಮಗೆ ಮೊದಲ ಕಪ್ ತಂದುಕೊಟ್ಟ ಕ್ಯಾಪ್ಟನ್ ಈ ಕಡೆ, ಅದೇ ತಂಡವನ್ನು ಕಟ್ಟಿದ ಕೋಚ್ ಆ ಕಡೆ.

ವೆಸ್ಟ್‌ವುಡ್ ಬೆಂಗಳೂರು ಬಿಟ್ಟಿದ್ದು 2016ರಲ್ಲಿ. ಆಮೇಲೆ ಎಷ್ಟು ಕೋಚ್‌ಗಳು ಬಂದು ಹೋದರು. ಅವರಲ್ಲಿ ಕೆಲವರು ವೆಸ್ಟ್‌ವುಡ್‌ಗಿಂತ ದೊಡ್ಡ ಕೆಲಸವನ್ನೇ ಮಾಡಿದರು. ಆದರೂ ನಾಲ್ಕು ಜನ ಹಳೇ ಅಭಿಮಾನಿಗಳು ಕಾಫಿಗೆ ಕೂತರೆ ಹತ್ತು ನಿಮಿಷದೊಳಗೆ ಮಾತು ಅಲ್ಲಿಗೇ ಬರುತ್ತದೆ. ಯಾಕೆ?

ಹಳೇ ಗಂಡನ ಪಾದವೇ ಗತಿ ಅಂತ ಗಾದೆ ಹೇಳಿ ನಕ್ಕು ಬಿಡಬಹುದು. ಆದರೆ ನನಗೆ ಇದರಲ್ಲಿ ಬರೀ ಹಳೇದರ ಹಂಬಲ ಕಾಣುವುದಿಲ್ಲ. ಯಾವ ಕೋಚ್ ನೆನಪಲ್ಲಿ ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎನ್ನುವುದಕ್ಕೆ ಒಂದು ಲೆಕ್ಕಾಚಾರ ಇದೆ. ಕಪ್‌ಗಳ ಪಟ್ಟಿ ಇಟ್ಟುಕೊಂಡು ಹೋದರೆ ಅದು ಸಿಗುವುದಿಲ್ಲ. ನಾವು ಎಷ್ಟು ಹತ್ತಿರ ಕೂತಿದ್ದೆವು, ಕೊನೆಯ ಸಲ ಆ ಮನುಷ್ಯನನ್ನು ಎಲ್ಲಿ ಹೇಗೆ ನೋಡಿದೆವು, ಈ ಎರಡು ಪ್ರಶ್ನೆ ಕೇಳಿದರೆ ಹೆಚ್ಚುಕಡಿಮೆ ಸಿಗುತ್ತದೆ.

ಮೊದಲಿನಿಂದ ಹೇಳುತ್ತೇನೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಹಳೇ ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. ಆಸ್ಟಿನ್ ಟೌನ್, ಗೌತಮಪುರ, ಅಶೋಕನಗರದ ಗಲ್ಲಿಗಳಲ್ಲಿ ಕ್ರಿಕೆಟ್‌ಗಿಂತ ಕಾಲ್ಚೆಂಡೇ ಜಾಸ್ತಿ ಇದ್ದ ಕಾಲ ಇತ್ತು. ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಆಮೇಲೆ ಅದೆಲ್ಲ ಸೊರಗುತ್ತಾ ಬಂತು. 2012ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗೆ ಬಿದ್ದ ಮೇಲೆ ದೇಶದ ದೊಡ್ಡ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ.

2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಹೊಸ ಕ್ಲಬ್ ಮಾಡಿತು. ಕೆಳಗಿನ ಡಿವಿಜನ್‌ನಿಂದ ಮೇಲೆ ಬರುವ ಗೋಜಿಲ್ಲದೆ ನೇರವಾಗಿ ಐ-ಲೀಗ್‌ಗೆ ಪ್ರವೇಶ ಸಿಕ್ಕಿತು. ದುಡ್ಡಿನ ತಂಡ, ಎರಡು ವರ್ಷ ಇದ್ದು ಬಾಗಿಲು ಹಾಕ್ತಾರೆ ಅಂತ ನಾನೇ ಹೇಳಿದ್ದೆ. ಕೋಚ್ ಆಗಿ ಬಂದವರ ಹೆಸರು ಕೇಳಿ ಇನ್ನೂ ಅನುಮಾನ ಆಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು ಆಮೇಲೆ ಸಣ್ಣಪುಟ್ಟ ಕ್ಲಬ್‌ಗಳಲ್ಲಿ ಡಿಫೆಂಡರ್ ಆಗಿ ಆಡಿದ ಇಂಗ್ಲಿಷ್ ಮನುಷ್ಯ. ಬ್ಲ್ಯಾಕ್‌ಬರ್ನ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು. ವಯಸ್ಸು ಇನ್ನೂ 36.

ಮೊದಲ ಸೀಸನ್ನಿನ ಮ್ಯಾಚ್‌ಗಳು ನಡೆದಿದ್ದು ಕಂಠೀರವದಲ್ಲಿ ಅಲ್ಲ. ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಇದನ್ನು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಅರ್ಧ ಕಥೆ ಆ ಜಾಗದಲ್ಲೇ ಇದೆ. ಅಲ್ಲಿ ಓಟದ ಟ್ರ್ಯಾಕ್ ಇಲ್ಲ. ಕೃತಕ ಹುಲ್ಲಿನ ಮೈದಾನ, ಬೇಲಿ, ಅದರ ಹಿಂದೆ ಸಿಮೆಂಟ್ ಮೆಟ್ಟಿಲು. ಮಧ್ಯಾಹ್ನದ ಮ್ಯಾಚ್ ಆದರೆ ಮೆಟ್ಟಿಲು ಕಾದ ದೋಸೆ ಕಾವಲಿ ಆಗಿರುತ್ತಿತ್ತು, ಪೇಪರ್ ಹಾಸಿಕೊಂಡೇ ಕೂರಬೇಕು. ಆದರೆ ಮೈದಾನ ಎಷ್ಟು ಹತ್ತಿರ ಅಂದರೆ ಆಟಗಾರರು ಒಬ್ಬರಿಗೊಬ್ಬರು ಕೂಗಿಕೊಳ್ಳುವುದು ಕೇಳುತ್ತಿತ್ತು. ಕೋಚ್ ಕೂಗುವುದಂತೂ ಎದುರು ಸ್ಟ್ಯಾಂಡಿಗೂ ಕೇಳುತ್ತಿತ್ತು.

ನನ್ನ ಪಕ್ಕ ಆಸ್ಟಿನ್ ಟೌನ್‌ನ ಒಬ್ಬರು ಅಂಕಲ್ ಕೂರುತ್ತಿದ್ದರು. ಹಿಂದೆ ಯಾವುದೋ ಇಲಾಖೆಯ ತಂಡಕ್ಕೆ ಆಡಿದವರು. ಕಡಲೆಕಾಯಿ ಸಿಪ್ಪೆ ಬಿಡಿಸುತ್ತಾ ಮ್ಯಾಚ್ ನೋಡುತ್ತಿದ್ದರು. ಎರಡನೆಯದೋ ಮೂರನೆಯದೋ ಮ್ಯಾಚ್, ಚೆಂಡು ನಮ್ಮಿಂದ ದೂರದ ಮೂಲೆಯಲ್ಲಿತ್ತು, ಎಲ್ಲರ ತಲೆಯೂ ಆ ಕಡೆ. ಅಂಕಲ್ ನನ್ನ ಮೊಣಕೈ ತಟ್ಟಿ ಹೇಳಿದರು: "ಅಲ್ಲಿ ನೋಡಪ್ಪ, ಈ ಮನುಷ್ಯ ಬಾಲ್ ನೋಡ್ತಾನೇ ಇಲ್ಲ." ನೋಡಿದೆ. ನಿಜ. ವೆಸ್ಟ್‌ವುಡ್ ಚೆಂಡಿಗೆ ಬೆನ್ನು ತಿರುಗಿಸಿ ನಿಂತಿದ್ದರು. ಈ ಕಡೆ ಸುಮ್ನೆ ನಿಂತಿದ್ದ ನಮ್ಮ ಫುಲ್‌ಬ್ಯಾಕ್‌ಗೆ, ಅಂದರೆ ಬದಿ ಕಾಯುವ ಡಿಫೆಂಡರ್‌ಗೆ, ಎರಡು ಹೆಜ್ಜೆ ಒಳಗೆ ಬಾ, ಇನ್ನೂ ಒಂದು ಹೆಜ್ಜೆ, ಅಲ್ಲೇ ನಿಲ್ಲು ಅಂತ ಕೈಯಲ್ಲಿ ತೋರಿಸುತ್ತಿದ್ದರು. ಅರ್ಧ ನಿಮಿಷ ಆದ ಮೇಲೆ ಚೆಂಡು ಸರಿಯಾಗಿ ಅಲ್ಲಿಗೇ ಬಂತು.

ಟಿವಿಯಲ್ಲಿ ಹದಿನೈದು ವರ್ಷ ಇಂಗ್ಲೆಂಡ್ ಲೀಗ್ ನೋಡಿದ್ದ ನನಗೆ ಫುಟ್‌ಬಾಲ್ ಅಂದರೆ ಚೆಂಡು ಎಲ್ಲಿದೆ ಅನ್ನುವುದಷ್ಟೇ ಗೊತ್ತಿತ್ತು. ಚೆಂಡು ಇಲ್ಲದ ಕಡೆ ಏನು ನಡೆಯುತ್ತದೆ ಅಂತ ನೋಡಲು ಕಲಿತದ್ದು ಅವತ್ತು. ನನ್ನ ಹಾಗೆ ಸಾವಿರಾರು ಜನ ಆ ಮೆಟ್ಟಿಲ ಮೇಲೆ ಕಲಿತಿರಬೇಕು. ವೆಸ್ಟ್‌ವುಡ್ ಆಟಗಾರರಿಗೆ ಕೂಗುತ್ತಿದ್ದರು, ಪಾಠ ನಮಗೂ ಆಗುತ್ತಿತ್ತು. ಕಲಿಸಿದವರನ್ನು ಮರೆಯುವುದು ಕಷ್ಟ, ಅದರಲ್ಲೂ ಫೀಸು ತಗೊಳ್ಳದೆ ಕಲಿಸಿದವರನ್ನು.

ಕಪ್ಪಂತೂ ಬಂತು. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಬೆಂಗಳೂರು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಎರಡನೇ ಜಾಗದಲ್ಲಿ ನಿಂತ ಈಸ್ಟ್ ಬೆಂಗಾಲ್‌ಗೆ ಆಗ ಕೋಚ್ ಯಾರು ಗೊತ್ತಾ? ಡೆಂಪೊಗೆ ಐದು ಲೀಗ್ ಗೆದ್ದುಕೊಟ್ಟಿದ್ದ ಆರ್ಮಾಂಡೊ ಕೊಲಾಸೊ. ಇಲ್ಲಿಗೆ ಹೊಸದಾಗಿ ಬಂದ ಮನುಷ್ಯ ಅಂಥವರನ್ನು ಹಿಂದೆ ಹಾಕಿದ್ದ.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ಮೋಸ ಆಗುತ್ತದೆ. ಆ ಗೆಲುವಿನಲ್ಲಿ ಕೋಚ್‌ನ ಪಾಲು ಎಷ್ಟು, ದುಡ್ಡಿನ ಪಾಲು ಎಷ್ಟು? ಛೇತ್ರಿಯಂಥ ಕ್ಯಾಪ್ಟನ್ ಇದ್ದರು. ಜಾನ್ ಜಾನ್ಸನ್, ಕರ್ಟಿಸ್ ಒಸಾನೊ ಹಿಂದೆ ಗೋಡೆ ಥರ ನಿಂತಿದ್ದರು. ಹಿಂದೆ ದೊಡ್ಡ ಕಂಪನಿ ಇತ್ತು. ಐ-ಲೀಗ್‌ನ ಎಷ್ಟೋ ಕ್ಲಬ್‌ಗಳಲ್ಲಿ ಸಂಬಳ ಯಾವಾಗ ಬರುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆಯಾಗಿದ್ದ ಕಾಲ ಅದು. ಅಂಥ ಕಡೆ ಊಟ, ನಿದ್ದೆ, ವ್ಯಾಯಾಮ ಎಲ್ಲದಕ್ಕೂ ಲೆಕ್ಕ ಇಟ್ಟುಕೊಂಡು ನಡೆಯುವ ಒಂದು ತಂಡ ಬಂದರೆ ಮುಂದೆ ಹೋಗಲೇಬೇಕು. ಕಂಪನಿ ಬಾಗಿಲು ತೆರೆದಿಟ್ಟಿತ್ತು, ಒಳಗಿನ ಶಿಸ್ತು ವೆಸ್ಟ್‌ವುಡ್ ಅವರದು. ಅಭಿಮಾನಿಗಳು ಮೊದಲನೆಯದನ್ನು ಮರೆತು ಎರಡನೆಯದನ್ನೇ ಹೇಳುತ್ತಾರೆ. ಕಂಪನಿಯ ಲೆಕ್ಕಪತ್ರವನ್ನು ಯಾರು ಪ್ರೀತಿಸುತ್ತಾರೆ, ಹೇಳಿ?

ಇನ್ನೊಂದು ತಮಾಷೆ. ಆ ಮೊದಲ ಮ್ಯಾಚ್, 2013ರ ಸೆಪ್ಟೆಂಬರ್‌ನಲ್ಲಿ ಮೋಹನ್ ಬಗಾನ್ ಜೊತೆ 1-1 ಡ್ರಾ ಆದದ್ದು, ಅದಕ್ಕೆ ನಾನೂ ಹೋಗಿದ್ದೆ ಅನ್ನುವವರನ್ನೆಲ್ಲ ಲೆಕ್ಕ ಹಾಕಿದರೆ ಆ ಪುಟ್ಟ ಸ್ಟೇಡಿಯಂ ಮೂರು ಸಲ ತುಂಬುತ್ತದೆ.

ಮಾರನೇ ಸೀಸನ್‌ನಿಂದ ತಂಡ ಕಂಠೀರವಕ್ಕೆ ಬಂತು. ದೊಡ್ಡ ಜಾಗ, ದೀಪಗಳು, ಮಧ್ಯೆ ಓಟದ ಟ್ರ್ಯಾಕ್. ಕೋಚ್ ಕೂಗು ಕೇಳುವುದು ನಿಂತುಹೋಯಿತು, ಕೈ ಆಡಿಸುವುದು ಮಾತ್ರ ಕಾಣುತ್ತಿತ್ತು. ಅದರ ಬದಲು ಪಶ್ಚಿಮ ಸ್ಟ್ಯಾಂಡಿನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ಡೋಲು, ಹಾಡು ಜೋರಾಯಿತು. ನನಗೆ ಅನಿಸುವುದು, ದೂರ ಆದ ಮೈದಾನವನ್ನು ಆ ಹುಡುಗರು ಗಂಟಲಲ್ಲೇ ಎಳೆದು ಹತ್ತಿರ ತಂದರು.

2015ರ ಮೇ 31. ಸೀಸನ್ನಿನ ಕೊನೆಯ ಮ್ಯಾಚ್, ಎದುರಿಗೆ ಮತ್ತೆ ಮೋಹನ್ ಬಗಾನ್. ಗೆದ್ದರೆ ಲೀಗ್ ನಮ್ಮದು, ಡ್ರಾ ಆದರೆ ಅವರದು. ಜಾನ್ ಜಾನ್ಸನ್ ಮೊದಲರ್ಧದಲ್ಲೇ ಗೋಲು ಹೊಡೆದರು. ಸೆಕೆಂಡ್ ಹಾಫ್ ಪೂರ್ತಿ ಗಡಿಯಾರ ನೋಡುವುದೇ ಕೆಲಸ. 87ನೇ ನಿಮಿಷ, ಬಗಾನ್‌ಗೆ ಕಾರ್ನರ್. ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮಗೆ ತುತ್ತು ತುಟಿಗೆ ತಾಗಿತ್ತು. ಸೀಟಿ ಊದಿದ ಮೇಲೂ ನಾವು ಕೂತಲ್ಲೇ ಕೂತಿದ್ದೆವು. ಪಕ್ಕದಲ್ಲಿ ಬಗಾನ್‌ನವರು ಕುಣಿಯುತ್ತಿದ್ದರು. ಕೋಲ್ಕತ್ತದಿಂದ ರೈಲು ಹತ್ತಿ ಬಂದವರು ಪಾಪ, ಅಷ್ಟು ವರ್ಷ ಕಾದಿದ್ದರು, ಬೈಯಲೂ ಮನಸ್ಸು ಬರಲಿಲ್ಲ.

ಮುಂದಿನ ವರ್ಷ, 2016ರ ಏಪ್ರಿಲ್ 17ರಂದು, ಅದೇ ಮೈದಾನದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0 ಸೋಲಿಸಿ ಲೀಗ್ ವಾಪಸ್ ತಂದರು. ಮೂರು ವರ್ಷದಲ್ಲಿ ಎರಡು ಲೀಗ್, ಒಂದು ಫೆಡರೇಷನ್ ಕಪ್. ಆದರೆ ನೀವು ಯಾವ ಹಳೇ ಅಭಿಮಾನಿಯನ್ನಾದರೂ ಕೇಳಿ. ಸಾಲ್ಗಾಂವ್ಕರ್ ಮ್ಯಾಚ್ ಬಗ್ಗೆ ಎರಡು ವಾಕ್ಯ ಹೇಳುತ್ತಾರೆ. 87ನೇ ನಿಮಿಷದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತಾರೆ. ಗೆದ್ದಿದ್ದು ದಾಖಲೆಯಲ್ಲಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಸೋತದ್ದನ್ನು ಹೇಳಲು ಅಲ್ಲಿ ಇದ್ದವರೇ ಬೇಕು. ಹಾಗಾಗಿ ಅದನ್ನು ನಾವು ಜಾಸ್ತಿ ಹೇಳುತ್ತೇವೆ, ಹೇಳಿ ಹೇಳಿ ಆ ಸೋಲಿನ ಕೋಚ್ ನಮ್ಮ ಮನೆಯವರೇ ಆಗಿಬಿಟ್ಟರು.

ಆಲ್ಬರ್ಟ್ ರೋಕಾ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ವೆಸ್ಟ್‌ವುಡ್ ಹೋದ ಮೇಲೆ 2016ರ ಮಧ್ಯದಲ್ಲಿ ಬಂದವರು ರೋಕಾ. ಸ್ಪೇನ್‌ನವರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಜೊತೆ ಕೆಲಸ ಮಾಡಿದ್ದರು, ಎಲ್ ಸಾಲ್ವಡಾರ್ ದೇಶದ ತಂಡಕ್ಕೆ ಕೋಚ್ ಆಗಿದ್ದರು. ಬಂದ ತಕ್ಷಣ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಕ್ವಾರ್ಟರ್ ಫೈನಲ್. ಲೀಗ್ ಏಪ್ರಿಲ್‌ನಲ್ಲೇ ಮುಗಿದಿತ್ತು, ತಂಡ ತಿಂಗಳುಗಟ್ಟಲೆ ಮ್ಯಾಚ್ ಆಡಿರಲಿಲ್ಲ. ಸಿಂಗಪುರದ ಟ್ಯಾಂಪಿನೀಸ್ ತಂಡವನ್ನು ಹೇಗೋ ದಾಟಿದರು. ಸೆಮಿಫೈನಲ್‌ಗೆ ಸಿಕ್ಕಿದ್ದು ಮಲೇಷ್ಯಾದ ಜೊಹೊರ್, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ ಹೋಗಿ 1-1 ಮಾಡಿಕೊಂಡು ಬಂದರು.

ಅಕ್ಟೋಬರ್ 19ರ ರಾತ್ರಿ ಕಂಠೀರವ. 11ನೇ ನಿಮಿಷಕ್ಕೇ ಜೊಹೊರ್ ಗೋಲು. ಸ್ಟೇಡಿಯಂ ತಣ್ಣಗಾಯಿತು. ಆಮೇಲೆ ಹಾಫ್ ಟೈಮ್ ಹತ್ತಿರ ಛೇತ್ರಿ ಒಂದು, ಸೆಕೆಂಡ್ ಹಾಫ್‌ನಲ್ಲಿ ಇನ್ನೊಂದು, ಕೊನೆಗೆ ಹುವಾನನ್ ಮೂರನೆಯದು. 3-1. ಏಷ್ಯಾ ಮಟ್ಟದ ಆ ಕಪ್‌ನ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮದಾಯಿತು. ಡೆಂಪೊ, ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಹೋಗಿ ನಿಂತಿದ್ದವು. ಅವತ್ತು ರಾತ್ರಿ ಕಸ್ತೂರಬಾ ರಸ್ತೆಯಲ್ಲಿ ಆಟೋದವರೊಬ್ಬರು ಗಾಡಿ ನಿಲ್ಲಿಸಿ "ಯಾವ ಪಾರ್ಟಿ ಗೆದ್ದಿದ್ದು?" ಅಂತ ಕೇಳಿದರು. ಎಲೆಕ್ಷನ್ ಅಂದುಕೊಂಡಿದ್ದರು. ಮೀಟರ್ ಮೇಲೆ ಇಪ್ಪತ್ತು ಜಾಸ್ತಿ ಕೇಳಿದರು, ಕೊಟ್ಟೆ.

ನವೆಂಬರ್ 5ಕ್ಕೆ ದೋಹಾದಲ್ಲಿ ಫೈನಲ್. ಇರಾಕ್‌ನ ಏರ್ ಫೋರ್ಸ್ ಕ್ಲಬ್ ವಿರುದ್ಧ 0-1 ಸೋಲು.

ಇನ್ನು 2017-18. ಬೆಂಗಳೂರು ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ಗೆ ಬಂದ ಮೊದಲ ವರ್ಷ. ರೋಕಾ ತಂಡ 18 ಮ್ಯಾಚ್‌ಗಳಲ್ಲಿ 40 ಅಂಕ ತೆಗೆದು ಪಟ್ಟಿಯ ತುದಿಯಲ್ಲಿ ನಿಂತಿತು. ಎರಡನೆಯ ಚೆನ್ನೈಯಿನ್‌ಗೆ 32. ಎಂಟು ಅಂಕದ ಅಂತರ. ಬೇರೆ ಯಾವ ದೇಶದ ಲೀಗ್‌ನಲ್ಲಾದರೂ ಇಷ್ಟಕ್ಕೆ ಕಪ್ ಎತ್ತಿಕೊಂಡು ಮೆರವಣಿಗೆ ಹೋಗಿರುತ್ತಿದ್ದರು. ಐಎಸ್‌ಎಲ್‌ನಲ್ಲಿ ಆಗ ಹಾಗಿರಲಿಲ್ಲ. ಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡಲು ಶುರು ಮಾಡಿದ್ದು 2019-20ರಿಂದ. ಅದಕ್ಕೆ ಮುಂಚೆ ಪ್ಲೇ-ಆಫ್ ಗೆದ್ದವರೇ ಚಾಂಪಿಯನ್. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್, ಎದುರಿಗೆ ಅದೇ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಛೇತ್ರಿ ಗೋಲು ಹೊಡೆದಾಗ ಮುಗೀತು ಅಂದುಕೊಂಡೆವು. ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಲ್ಲಿ ಹೊಡೆದರು. 2-3.

ಹಾಗಾಗಿ ಆ ವರ್ಷದ ದೇಶದ ಅತ್ಯುತ್ತಮ ತಂಡಕ್ಕೆ ಆ ಲೀಗಿನ ದಾಖಲೆಯಲ್ಲಿ ಏನೂ ಸಿಗಲಿಲ್ಲ. ಒಂದು ತಿಂಗಳ ನಂತರ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್‌ಗೆ 4-1 ಬಾರಿಸಿ ಸೂಪರ್ ಕಪ್ ತಂದರು, ಹಿಂದಿನ ವರ್ಷ ಕಟಕ್‌ನಲ್ಲಿ ಫೆಡರೇಷನ್ ಕಪ್ ಗೆದ್ದಿದ್ದರು, ಅವೆಲ್ಲ ಸರಿ. ಆದರೆ ಆ 40 ಅಂಕ ಎಲ್ಲಿ ಹೋಯಿತು? ಅದು ಇರುವುದು ಅಭಿಮಾನಿಗಳ ಬಾಯಲ್ಲಿ ಮಾತ್ರ. ರೋಕಾ ಹೆಸರು ಬಂದ ಕೂಡಲೇ ಯಾರಾದರೊಬ್ಬರು "ನಲವತ್ತು ಪಾಯಿಂಟು ಮಗಾ" ಅಂತ ಶುರು ಮಾಡುವುದು ಅದಕ್ಕೇ. ಲೀಗ್ ಬರೆದುಕೊಳ್ಳದ ಸಾಲವನ್ನು ನಾವು ಇನ್ನೂ ಬರೆದಿಟ್ಟುಕೊಂಡಿದ್ದೇವೆ.

ಈಗ ಕಾರ್ಲಸ್ ಕ್ವಾದ್ರಾತ್ ಕಡೆ ಬನ್ನಿ. ರೋಕಾಗೆ ಸಹಾಯಕರಾಗಿದ್ದವರು, 2018ರಲ್ಲಿ ಮುಖ್ಯ ಕೋಚ್ ಆದರು. ಮೊದಲ ವರ್ಷವೇ ಐಎಸ್‌ಎಲ್ ಗೆದ್ದರು. 2019ರ ಮಾರ್ಚ್ 17, ಮುಂಬೈ, ಗೋವಾ ವಿರುದ್ಧ ಫೈನಲ್, 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಗೋಲು. ಬೆಂಗಳೂರಿನ ಏಕೈಕ ಐಎಸ್‌ಎಲ್ ಕಪ್ ಅದು. ಲೆಕ್ಕದ ಪ್ರಕಾರ ಕ್ವಾದ್ರಾತ್ ಹೆಸರೇ ಮೊದಲು ಬರಬೇಕಿತ್ತು ಅಲ್ವಾ? ನನ್ನ ಕಿವಿಗೆ ಬಿದ್ದಿರುವ ಮಟ್ಟಿಗೆ ಬರುವುದಿಲ್ಲ. ಗೌರವ ಇದೆ, ಆದರೆ ಕಣ್ಣಲ್ಲಿ ಆ ಹೊಳಪು ಇಲ್ಲ.

ಕಟ್ಟಿದ ಮನೆಗೆ ಬಂದವರು ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ನ್ಯಾಯ ಅಲ್ಲ. ನನ್ನ ಪ್ರಕಾರ ಕಾರಣ ಬೇರೆ. ಕ್ವಾದ್ರಾತ್ ಹೋಗಿದ್ದು 2021ರ ಜನವರಿಯಲ್ಲಿ, ಸೀಸನ್ ಮಧ್ಯದಲ್ಲಿ. ಅದು ಕೋವಿಡ್ ವರ್ಷ. ಇಡೀ ಲೀಗ್ ಗೋವಾದ ಖಾಲಿ ಸ್ಟೇಡಿಯಂಗಳಲ್ಲಿ ನಡೆಯುತ್ತಿತ್ತು. ಸೋಲಿನ ಮೇಲೆ ಸೋಲು, ಒಂದು ದಿನ ಫೋನಿನಲ್ಲಿ ಸುದ್ದಿ ಬಂತು, ಅಷ್ಟೇ. ಬೈಯಲು ಸ್ಟ್ಯಾಂಡ್ ಇರಲಿಲ್ಲ, ಚಪ್ಪಾಳೆ ತಟ್ಟಲೂ ಇರಲಿಲ್ಲ. ವೆಸ್ಟ್‌ವುಡ್‌ರನ್ನು ಈ ಮೈದಾನದಲ್ಲಿ ಲೀಗ್ ಗೆದ್ದದ್ದು ನೋಡಿ ಕಳಿಸಿದ್ದೆವು. ರೋಕಾರನ್ನು ಈ ಮೈದಾನದಲ್ಲಿ ಫೈನಲ್ ಸೋತು ತಲೆ ತಗ್ಗಿಸಿ ನಡೆದುಹೋಗಿದ್ದು ನೋಡಿದ್ದೆವು. ಕ್ವಾದ್ರಾತ್ ಅವರದು ಅಂಥ ಒಂದು ಕೊನೆಯ ಚಿತ್ರ ನಮ್ಮ ಹತ್ತಿರ ಇಲ್ಲ. ಮನೆಗೆ ಬಂದ ನೆಂಟರನ್ನು ಬಸ್‌ಸ್ಟ್ಯಾಂಡ್‌ವರೆಗೆ ಹೋಗಿ ಬಿಟ್ಟು ಬರದಿದ್ದರೆ ಏನೋ ಉಳಿದುಹೋದ ಹಾಗೆ ಅನಿಸುತ್ತದಲ್ಲ, ಹಾಗೆ. ಆಮೇಲೆ ಅವರು ಈಸ್ಟ್ ಬೆಂಗಾಲ್‌ಗೆ ಹೋಗಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದಾಗ ಕೋಲ್ಕತ್ತದವರು ಕುಣಿದಾಡಿದರು. ನಮ್ಮವರು ಒಳ್ಳೇದಾಯ್ತು ಅಂದು ಸುಮ್ಮನಾದರು.

ಕಪ್ಪಿಗೂ ಪ್ರೀತಿಗೂ ಸಂಬಂಧ ಕಡಿಮೆ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಪಕ್ಕದ ಕೇರಳ ನೋಡಿ. ಇದನ್ನು ಬರೆಯಲು ಬೆಂಗಳೂರಿನವನಿಗೆ ಸ್ವಲ್ಪ ಕಷ್ಟ, ಆದರೂ ಬರೆಯುತ್ತೇನೆ.

ಕೇರಳ ಬ್ಲಾಸ್ಟರ್ಸ್‌ಗೆ 2021ರಿಂದ 2024ರವರೆಗೆ ಕೋಚ್ ಆಗಿದ್ದವರು ಸರ್ಬಿಯಾದ ಇವಾನ್ ವುಕೊಮಾನೊವಿಚ್. ಒಂದೂ ಕಪ್ ಗೆಲ್ಲಲಿಲ್ಲ. 2022ರ ಐಎಸ್‌ಎಲ್ ಫೈನಲ್‌ನಲ್ಲಿ ಹೈದರಾಬಾದ್ ವಿರುದ್ಧ ಪೆನಾಲ್ಟಿಯಲ್ಲಿ ಸೋತರು. ಆದರೆ ಕೊಚ್ಚಿಯಲ್ಲಿ ಅವರನ್ನು "ಆಶಾನ್" ಅಂತ ಕರೆಯುತ್ತಾರೆ. ಗರಡಿಯಲ್ಲಿ, ಕಳರಿಯಲ್ಲಿ ಕಲಿಸುವ ಗುರುವಿಗೆ ಹೇಳುವ ಮಾತು ಅದು. ಅದಕ್ಕೆ ಒಂದು ಕಾರಣ ನಮ್ಮ ಕಂಠೀರವದಲ್ಲೇ ಹುಟ್ಟಿತು. 2023ರ ಮಾರ್ಚ್ 3, ಪ್ಲೇ-ಆಫ್ ಮ್ಯಾಚ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್‌ನವರು ಇನ್ನೂ ಚೆಂಡಿನ ಎದುರು ಸಾಲಾಗಿ ನಿಂತು ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಸರಿಯಾಗಿ ನಿಂತಿರಲಿಲ್ಲ, ಛೇತ್ರಿ ಚೆಂಡನ್ನು ಒಳಗೆ ಹಾಕಿಬಿಟ್ಟರು. ರೆಫರಿ ಗೋಲು ಅಂದರು. ವುಕೊಮಾನೊವಿಚ್ ಮೈದಾನಕ್ಕೆ ಬಂದು ತಂಡವನ್ನೇ ಕರೆದುಕೊಂಡು ಹೊರಟುಹೋದರು. ಮ್ಯಾಚ್ ಅಲ್ಲಿಗೇ ನಿಂತಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಅವರಿಗೆ 10 ಮ್ಯಾಚ್ ನಿಷೇಧ.

ಸ್ಟ್ಯಾಂಡಿನಲ್ಲಿ ಕೂತಿದ್ದ ನಾವು ನಕ್ಕೆವು, ಕೂಗಿದೆವು, ಹಂಗಿಸಿದೆವು. ಆಟದ ಮಟ್ಟಿಗೆ ಈಗಲೂ ನನ್ನ ಅಭಿಪ್ರಾಯ ಅದೇ: ಅದು ತಪ್ಪು, ತೊಂಬತ್ತು ಚಿಲ್ಲರೆ ನಿಮಿಷ ಓಡಿದ ಹುಡುಗರ ಶ್ರಮ ವ್ಯರ್ಥ ಮಾಡಿದರು. ಆದರೆ ಕೇರಳದವರ ಕಣ್ಣಿಗೆ ಅದು ಬೇರೆಯೇ. ಇಷ್ಟು ವರ್ಷ ತಮ್ಮ ಸಿಟ್ಟನ್ನು ಯಾರೂ ಕೇಳಲಿಲ್ಲ ಅಂದುಕೊಂಡಿದ್ದ ಜನ, ಅದೇ ಸಿಟ್ಟು ಕೋಚ್ ಮುಖದಲ್ಲಿ ಕಂಡರು. ಗೆದ್ದುಕೊಡಲಿಲ್ಲ, ಆದರೆ ನಮ್ಮ ಪರ ನಿಂತ. ಅಷ್ಟು ಸಾಕಾಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಹೀಗೇ. ಬಾಬಿ ರಾಬ್ಸನ್ 1999ರಿಂದ 2004ರವರೆಗೆ ಅಲ್ಲಿ ಮ್ಯಾನೇಜರ್ ಆಗಿದ್ದರು, ಕಪ್ ಒಂದೂ ಇಲ್ಲ, ಆದರೆ ಸ್ಟೇಡಿಯಂ ಹೊರಗೆ ಅವರ ಕಂಚಿನ ಪ್ರತಿಮೆ ಇದೆ. ಅವರು ಆ ಕಡೆಯವರೇ, ಗಣಿ ಕೆಲಸಗಾರನ ಮಗ.

ಈಗ ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ನೆನಪು ಹುಟ್ಟುವ ಜಾಗವೇ ಒಣಗುತ್ತಿದೆ. 2010ರಲ್ಲಿ ದೇಶದ ಫುಟ್‌ಬಾಲ್ ಫೆಡರೇಷನ್ ಆಟದ ವಾಣಿಜ್ಯ ಹಕ್ಕಿಗಾಗಿ ಮಾಡಿಕೊಂಡಿದ್ದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ, ಹಿಂದೊಮ್ಮೆ ದೇಶಕ್ಕೇ ಶಿಸ್ತು ತೋರಿಸಿದ್ದ ಅದೇ ಕ್ಲಬ್, ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ ಅಂತ ಪ್ರಕಟಿಸಿತು. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ಕ್ಕೆ ಲೀಗ್ ಶುರು ಅನ್ನುವವರೆಗೆ ಆಡುವವರಿಗೂ ನೋಡುವವರಿಗೂ ಏನೂ ಗೊತ್ತಿರಲಿಲ್ಲ. ಮ್ಯಾಚ್ ಇಲ್ಲದ ಆ ತಿಂಗಳುಗಳಲ್ಲಿ ನಮ್ಮ ಗ್ರೂಪ್‌ನಲ್ಲಿ ಬರುತ್ತಿದ್ದದ್ದೆಲ್ಲ ಹಳೇ ಫೋಟೋಗಳೇ.

ಇದರಲ್ಲಿ ಒಂದು ಅಪಾಯವೂ ಇದೆ. ಹಳೇ ಕೋಚ್ ಹೆಸರು ಹೊಸ ಕೋಚ್‌ಗೆ ಹೊಡೆಯುವ ಕೋಲಾಗುತ್ತದೆ. ಜೆರಾರ್ಡ್ ಜರಗೋಜಾ 2025ರಲ್ಲಿ ನಮ್ಮ ತಂಡವನ್ನು ಐಎಸ್‌ಎಲ್ ಫೈನಲ್‌ವರೆಗೆ ತಂದರು, ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಬಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1-2 ಸೋತರು. ಮಾರನೇ ದಿನವೇ ಗ್ರೂಪ್‌ನಲ್ಲಿ "ವೆಸ್ಟ್‌ವುಡ್ ಇದ್ದಿದ್ರೆ" ಅಂತ ಶುರು. ಸೈಮನ್ ಗ್ರೇಸನ್ ಕಾಲದಲ್ಲೂ ಹೀಗೇ. ಅವರು 2022ರಲ್ಲಿ ಡುರಾಂಡ್ ಕಪ್ ತಂದರು, 2023ರಲ್ಲಿ ಐಎಸ್‌ಎಲ್ ಫೈನಲ್‌ವರೆಗೆ ಬಂದರು, ಆ ವರ್ಷ ಡಿಸೆಂಬರ್ ಹೊತ್ತಿಗೆ ಕೆಲಸ ಹೋಗಿತ್ತು. ವೆಸ್ಟ್‌ವುಡ್‌ಗೆ ಮೂರು ಪೂರ್ತಿ ಸೀಸನ್ ಸಿಕ್ಕಿತ್ತು. ಮಧ್ಯದ ವರ್ಷ ಸೋತರೂ ಇಟ್ಟುಕೊಂಡಿದ್ದರು. 87ನೇ ನಿಮಿಷದ ಕೋಚ್‌ನನ್ನು ಮಾರನೇ ದಿನ ಕಳಿಸಿದ್ದರೆ ಇವತ್ತು ಈ ಲೇಖನವೇ ಇರುತ್ತಿರಲಿಲ್ಲ. ಹೊಸಬರಿಗೆ ನಾವು ಅಷ್ಟು ಹೊತ್ತು ಕೊಡುತ್ತಿಲ್ಲ. ಕ್ಲಬ್‌ಗಳೂ ಕೊಡುತ್ತಿಲ್ಲ, ಅಭಿಮಾನಿಗಳೂ ಕೊಡುತ್ತಿಲ್ಲ.

ವೆಸ್ಟ್‌ವುಡ್ ಬೆಂಗಳೂರು ಕೋಚ್ ಆಗಿ ಆಡಿಸಿದ ಕೊನೆಯ ಮ್ಯಾಚ್ 2016ರ ಮೇನಲ್ಲಿ, ಕಿಚ್ಚಿ ತಂಡದ ವಿರುದ್ಧ, 3-2 ಗೆಲುವು. ನಡೆದಿದ್ದು ಎಲ್ಲಿ ಅಂದರೆ ಹಾಂಗ್‌ಕಾಂಗ್‌ನಲ್ಲೇ. ಕೈ ಟಾಕ್‌ನ ಆ ರಾತ್ರಿ ಇದನ್ನು ಗ್ರೂಪ್‌ನಲ್ಲಿ ಹಾಕಿದ್ದೆ, ಯಾರೂ ಉತ್ತರ ಕೊಡಲಿಲ್ಲ.

ಆ ಸೋಲಾದ ಕೆಲವು ದಿನಕ್ಕೆ ಅಶೋಕನಗರದ ಹಳೇ ಸ್ಟೇಡಿಯಂಗೆ ಹೋಗಿದ್ದೆ. ಮಧ್ಯಾಹ್ನ ಯಾವುದೋ ಎರಡು ಲೋಕಲ್ ತಂಡಗಳ ಮ್ಯಾಚ್ ನಡೆಯುತ್ತಿತ್ತು. ನೋಡುವವರು ಎಲ್ಲ ಸೇರಿ ಅರವತ್ತು ಜನ ಇರಬಹುದು, ಅರ್ಧಕ್ಕರ್ಧ ಆಟಗಾರರ ಮನೆಯವರು. ಮೆಟ್ಟಿಲು ಅದೇ ಥರ ಕಾದಿತ್ತು, ಪೇಪರ್ ತಂದಿರಲಿಲ್ಲ. ಕೆಳಗೆ ಗೆರೆ ಪಕ್ಕ ಒಬ್ಬ ಕೋಚ್, ಹೊಟ್ಟೆ ಮುಂದೆ ಬಂದಿತ್ತು, ಕೈಯಲ್ಲಿ ನೀರಿನ ಬಾಟ್ಲಿ, ತನ್ನ ಲೆಫ್ಟ್‌ಬ್ಯಾಕ್‌ಗೆ ತಮಿಳು ಕನ್ನಡ ಎರಡೂ ಬೆರೆಸಿ ಬೈಯುತ್ತಿದ್ದ. "ಒಳಗೆ ಬಾರೋ, ಇನ್ನೂ ಒಳಗೆ, ಅಲ್ಲೇ ನಿಲ್ಲು!" ಚೆಂಡು ಆ ಕಡೆ ಮೂಲೆಯಲ್ಲಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ. ನಾನು ಎರಡು ಮೆಟ್ಟಿಲು ಕೆಳಗಿಳಿದು ಕೂತೆ.